ಕೊಡಗಿನಲ್ಲಿ ಕುಳಿತು ನಗೆ ಬರೆದು, ತಿದ್ದಿ, ಬದುಕುವ ಬಗೆ

ಅಂತರ್ಜಾಲದಲ್ಲಿ ನಗೆಬರಹ ಬರೆದು ಜೀವನ ಸಾಗಿಸಬಹುದೇ ಎಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೊಡುವ ಸಲಹೆಯೆಂದರೆ, ಬೇರೆಯವರ ಬರಹವನ್ನು ತಿದ್ದುವುದನ್ನು ಕಲಿಯಿರಿ ಎಂಬುದು. ಹಾಸ್ಯಕ್ಕೆ ಸಿಗುವ ಸಂಭಾವನೆ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಯ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಆಕಾಶ ನೋಡುತ್ತ ಕೂರಬೇಕು. ತಿದ್ದುವ ಕೆಲಸಕ್ಕಾದರೆ ತಿಂಗಳಿಗೊಮ್ಮೆ ಹಣ ಬರುತ್ತದೆ, ಮತ್ತು ಇತರರ ಬರಹದಲ್ಲಿ ನಗೆ ಎಲ್ಲಿ ಸತ್ತಿತು ಎಂದು ದಿನವೂ ಹುಡುಕುವವನಿಗೆ ತನ್ನ ಬರಹದಲ್ಲಿ ಅದೇ ತಪ್ಪು ಬೇಗ ಕಾಣುತ್ತದೆ. ಕನ್ನಡದಲ್ಲಿ ಇದು ಹೊಸ ಏರ್ಪಾಡೇನೂ ಅಲ್ಲ. 1942ರಲ್ಲಿ ಆರಂಭವಾಗಿ 1967ರವರೆಗೆ ನಡೆದ ‘ಕೊರವಂಜಿ’ ಹಾಸ್ಯಪತ್ರಿಕೆಯ ಸಂಪಾದಕರಾಗಿದ್ದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. ನಮ್ಮಂಥವರಿಗೆ ಸ್ಟೆತಸ್ಕೋಪಿನ ಬದಲು ತಿದ್ದುವ ಪೆನ್ನು ಇದೆ, ಅಷ್ಟೇ ವ್ಯತ್ಯಾಸ.

ಮಡಿಕೇರಿಯ ಆಚೆಗಿನ ಒಂದು ಹಳ್ಳಿಯಲ್ಲಿ ಕುಳಿತು ಹನ್ನೆರಡು ವರ್ಷಗಳಿಂದ ಈ ಎರಡೂ ಕೆಲಸಗಳನ್ನು ಮಾಡುತ್ತಿರುವ ಅನುಭವದಿಂದ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ. ರೈಲು ಇಲ್ಲದ ಜಿಲ್ಲೆಯಲ್ಲಿ, ಬೆಂಗಳೂರಿನಿಂದ 250 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಇದ್ದುಕೊಂಡು ಈ ವೃತ್ತಿಯನ್ನು ಮಾಡಲು ಸಾಧ್ಯವಾಗಿರುವುದು ಅಂತರ್ಜಾಲದಿಂದ. ಅದು ವರ್ಷದಲ್ಲಿ ಎರಡು ತಿಂಗಳು ಕೈಕೊಡುತ್ತದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲ ಮೂರು ತಿಂಗಳು

ಮೊದಲ ಮೂರು ತಿಂಗಳು ಏನನ್ನೂ ಪ್ರಕಟಿಸದೆ ಒಂದು ನೋಟುಪುಸ್ತಕವನ್ನು ತುಂಬಿಸಬೇಕು. ಅದರಲ್ಲಿ ಬರೆಯಬೇಕಾದದ್ದು ನಿಮಗೆ ಹೊಳೆದ ನಗೆಹನಿಗಳನ್ನಲ್ಲ, ಕಿವಿಗೆ ಬಿದ್ದ ಮಾತುಗಳನ್ನು. ಆಡಿದವರು ಯಾರು, ಆಗ ಅವರ ಕೈಯಲ್ಲಿ ಏನಿತ್ತು, ಮಾತಿನ ನಂತರ ಏನಾಯಿತು ಎಂಬುದರ ಸಹಿತ. ಕೊಡಗಿನಲ್ಲಿರುವವರಿಗೆ ಇದು ಸುಲಭ, ಏಕೆಂದರೆ ಇಲ್ಲಿ ಒಂದೇ ಜೀಪಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕನ್ನಡಗಳು ಒಟ್ಟಿಗೆ ಪ್ರಯಾಣ ಮಾಡುತ್ತವೆ ಮತ್ತು ಪ್ರತಿಯೊಬ್ಬರೂ ಉಳಿದವರ ಮಾತು ತಮಗೆ ಪೂರ್ತಿ ಅರ್ಥವಾಗುತ್ತದೆ ಎಂದು ನಂಬಿರುತ್ತಾರೆ.

ಹೊಸಬರು ಸಾಮಾನ್ಯವಾಗಿ ವಿಚಿತ್ರವಾದದ್ದನ್ನು ಕಲ್ಪಿಸಲು ಶ್ರಮ ಪಡುತ್ತಾರೆ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ ಮತ್ತು ಅದನ್ನು ಉಂಡವರ ಮೂತ್ರ ಕೆಂಪಾಗುತ್ತದೆ ಎಂಬುದು ಇಲ್ಲಿಯ ಮಕ್ಕಳಿಗೂ ತಿಳಿದ ಸಂಗತಿ. ಮೈಸೂರಿನಿಂದ ಬಂದ ಅಳಿಯನಿಗೆ ಅದನ್ನು ಮೊದಲೇ ಹೇಳದೆ ಬಡಿಸಿದ ಮನೆಯಲ್ಲಿ ಮರುದಿನ ಬೆಳಿಗ್ಗೆ ಬಚ್ಚಲಿನ ಬಾಗಿಲ ಬಳಿ ನಡೆಯುವ ಸಂಭಾಷಣೆಗೆ ಲೇಖಕನು ಒಂದು ಪದವನ್ನೂ ಸೇರಿಸಬೇಕಾಗಿಲ್ಲ. ಕೇಳಿಸಿಕೊಂಡು ಹಾಗೆಯೇ ಬರೆದಿಡುವ ತಾಳ್ಮೆ ಇದ್ದರೆ ಸಾಕು.

ನೋಟುಪುಸ್ತಕ ತುಂಬಿದ ಮೇಲೆ ವಾರಕ್ಕೊಂದರಂತೆ 500ರಿಂದ 700 ಪದಗಳ ಬರಹಗಳನ್ನು ಬರೆಯಿರಿ. ಹತ್ತು ಬರೆದರೆ ಮೂರು ನಿಲ್ಲುತ್ತವೆ. ನನಗೆ ಈಗಲೂ ಈ ಲೆಕ್ಕ ಹೆಚ್ಚು ಸುಧಾರಿಸಿಲ್ಲ.

ತಿದ್ದುವ ಕೈ

ಕಾಫಿ ಗಿಡದ ಚಿಗುರು ತೆಗೆಯಲು ಹೊಸಬರನ್ನು ಬಿಟ್ಟರೆ ಅವರು ಅಂಜುತ್ತಂಜುತ್ತ ನಾಲ್ಕು ಚಿಗುರು ತೆಗೆದು ಮುಂದಿನ ಗಿಡಕ್ಕೆ ಹೋಗುತ್ತಾರೆ. ನಗೆಬರಹವನ್ನು ತಿದ್ದುವ ಹೊಸ ಸಂಪಾದಕರೂ ಹಾಗೆಯೇ. ಕಾಗುಣಿತ ಸರಿಮಾಡಿ, ಎರಡು ಉದ್ಗಾರ ಚಿಹ್ನೆ ತೆಗೆದು, ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಹೇಗೆ ತಿದ್ದಬೇಕು ಎಂಬುದನ್ನು ಒಂದು ಉದಾಹರಣೆಯಿಂದಲೇ ತೋರಿಸುತ್ತೇನೆ. ಹೊಸ ಲೇಖಕರೊಬ್ಬರಿಂದ ಹೀಗೊಂದು ಬರಹ ಬಂತೆಂದು ಇಟ್ಟುಕೊಳ್ಳಿ:

“ನಮ್ಮ ಕೊಡಗಿನ ಮಳೆಯ ಬಗ್ಗೆ ಕೇಳಲೇಬೇಡಿ! ಭಾಗಮಂಡಲದಲ್ಲಿರುವ ನಮ್ಮ ಮಾವನಿಗೆ ಮಳೆಯ ಹುಚ್ಚು ಎಷ್ಟಿದೆ ಎಂದರೆ, ತಂಗಿಯ ಮದುವೆ ನಿಶ್ಚಯವಾದ ಸಂತೋಷದ ಸುದ್ದಿಯನ್ನು ತಿಳಿಸಲು ನಾನು ಫೋನ್ ಮಾಡಿದಾಗಲೂ ಅವರು ನಿಮ್ಮಲ್ಲಿ ಎಷ್ಟು ಇಂಚು ಮಳೆ ಬಂತು ಎಂದು ಕೇಳಿ, ನಾನು ಎರಡೂವರೆ ಎಂದು ಹೇಳಿದಾಗ ನಮಗೆ ನಾಲ್ಕು ಎಂದು ಹೆಮ್ಮೆಯಿಂದ ಹೇಳಿ ಫೋನ್ ಇಟ್ಟುಬಿಟ್ಟರು. ಹೇಗಿದೆ ನೋಡಿ ನಮ್ಮ ಮಾವನ ಮಳೆಪ್ರೇಮ!”

ಇಲ್ಲಿ ನಗೆ ಇದೆ, ಆದರೆ ಅದರ ಮೇಲೆ ನಾಲ್ಕು ಕಂಬಳಿ ಹೊದಿಸಲಾಗಿದೆ. ಮೊದಲ ವಾಕ್ಯವು ನಗಲು ಸಿದ್ಧರಾಗಿ ಎಂದು ಓದುಗನಿಗೆ ಅಪ್ಪಣೆ ಕೊಡುತ್ತದೆ. ಕೊನೆಯ ವಾಕ್ಯವು ನಕ್ಕಿರಾ ಎಂದು ವಿಚಾರಿಸುತ್ತದೆ. ಎರಡನ್ನೂ ತೆಗೆಯಬೇಕು. ‘ಹುಚ್ಚು’ ಎಂಬ ಪದ ಮಾವನ ಬಗ್ಗೆ ತೀರ್ಪು ಕೊಟ್ಟುಬಿಡುತ್ತದೆ, ಆ ತೀರ್ಪನ್ನು ಓದುಗನೇ ಕೊಡಬೇಕು. ‘ಸಂತೋಷದ’, ‘ಹೆಮ್ಮೆಯಿಂದ’ ಎಂಬ ಎರಡು ಮಾತುಗಳು ನಾವು ಈಗಾಗಲೇ ಊಹಿಸಿದ್ದನ್ನೇ ಹೇಳುತ್ತವೆ. ಇಷ್ಟನ್ನು ತೆಗೆದ ಮೇಲೂ ಒಂದು ತೊಡಕು ಉಳಿಯುತ್ತದೆ, ಅದು ಕನ್ನಡದ ವಾಕ್ಯರಚನೆಯದೇ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ನಗೆ ಇರುವ ‘ನಮಗೆ ನಾಲ್ಕು’ ಎಂಬ ಮಾತಿನ ಹಿಂದೆ ‘ಎಂದು ಹೇಳಿ ಫೋನ್ ಇಟ್ಟುಬಿಟ್ಟರು’ ಎಂಬ ಬಾಲ ಸೇರಿಕೊಂಡು, ಓದುಗ ನಗುವ ಹೊತ್ತಿಗೆ ವಾಕ್ಯ ಇನ್ನೂ ನಡೆಯುತ್ತಿರುತ್ತದೆ. ‘ಹೇಳಿದ್ದು’, ‘ಕೇಳಿದ್ದು’ ಎಂಬ ರೂಪಗಳನ್ನು ಮುಂದಕ್ಕೆ ತಂದು ಆಡಿದ ಮಾತನ್ನೇ ಕೊನೆಗೆ ನಿಲ್ಲಿಸಿದರೆ ಈ ತೊಡಕು ಬಗೆಹರಿಯುತ್ತದೆ:

“ತಂಗಿಯ ಮದುವೆ ನಿಶ್ಚಯವಾಯಿತೆಂದು ತಿಳಿಸಲು ಭಾಗಮಂಡಲದ ಮಾವನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು, ‘ನಿಮ್ಮಲ್ಲಿ ಎಷ್ಟು ಇಂಚು?’ ಎರಡೂವರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾವ ಹೇಳಿದ್ದು ಒಂದೇ ಮಾತು: ‘ನಮಗೆ ನಾಲ್ಕು.’”

‘ಸ್ವಲ್ಪ ಹೊತ್ತು ಸುಮ್ಮನಿದ್ದು’ ಎಂಬುದು ನಾನು ಸೇರಿಸಿದ್ದು; ಮಾವ ಮದುವೆಯ ಬಗ್ಗೆ ಏನಾದರೂ ಹೇಳಬಹುದು ಎಂಬ ನಿರೀಕ್ಷೆ ಓದುಗನಲ್ಲಿ ಹುಟ್ಟಲು ಆ ನಾಲ್ಕು ಕ್ಷಣ ಬೇಕು. ಕೊಡಗಿನ ಓದುಗರಿಗಷ್ಟೇ ಬರೆಯುವುದಾದರೆ ನಾನು ಕೊನೆಯ ಮಾತನ್ನು ‘ನಾಲ್ಕು ಇಂಚು ಹತ್ತು ಸೆಂಟು’ ಎಂದು ಬದಲಿಸುತ್ತೇನೆ. ತೋಟದ ಮನೆಗಳಲ್ಲಿ ಮಳೆಯನ್ನು ಇಂಚಿನ ನೂರನೆಯ ಒಂದು ಭಾಗದವರೆಗೆ ಅಳೆದು ಹೇಳುವ ರೂಢಿ ಇರುವುದರಿಂದ ಆ ಹತ್ತು ಸೆಂಟಿನಲ್ಲಿ ಮಾವನ ಇಡೀ ವ್ಯಕ್ತಿತ್ವ ಇದೆ. ಧಾರವಾಡದ ಓದುಗರಿಗೆ ಸೆಂಟು ಎಂದರೆ ಜಮೀನಿನ ಅಳತೆಯೋ ಅತ್ತರೋ ಎಂಬ ಗೊಂದಲವಾಗಬಹುದು, ಗೊಂದಲಗೊಂಡವರು ನಗುವುದಿಲ್ಲ. ಯಾರಿಗಾಗಿ ತಿದ್ದುತ್ತಿದ್ದೇನೆ ಎಂಬುದನ್ನು ತೀರ್ಮಾನಿಸದೆ ತಿದ್ದಲು ಕೂರಬಾರದು.

ತಿದ್ದಿದ್ದನ್ನು ಲೇಖಕರಿಗೆ ತೋರಿಸಿ, ಒಂದೊಂದು ಬದಲಾವಣೆಗೂ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಬರಹವನ್ನು ತಿರಸ್ಕರಿಸುವಾಗಲೂ ಒಂದು ಕಾರಣ ಕೊಡಿ, ಎರಡು ಬೇಡ. ಎರಡನೆಯ ಕಾರಣ ಓದುವಷ್ಟರಲ್ಲಿ ಲೇಖಕರಿಗೆ ಮೊದಲನೆಯದು ಮರೆತು, ಸಂಪಾದಕರ ಮೇಲೆ ಸಿಟ್ಟು ಮಾತ್ರ ಉಳಿದಿರುತ್ತದೆ.

ಇನ್ನು ಕಾಗುಣಿತದ ವಿಷಯ. ಪ್ರತಿ ಸಂಪಾದಕರೂ ಒಂದು ನಿಯಮಪಟ್ಟಿ ಇಟ್ಟುಕೊಳ್ಳಬೇಕು. ನನ್ನ ಪಟ್ಟಿಯ ಮೊದಲ ಪುಟದಲ್ಲಿ ವಿರಾಜಪೇಟೆಯೋ ವೀರಾಜಪೇಟೆಯೋ, ಹುತ್ತರಿಯೋ ಪುತ್ತರಿಯೋ, ಕೈಲ್ ಪೊಳ್ದೋ ಕೈಲುಮುಹೂರ್ತವೋ ಎಂಬ, ಇಲ್ಲಿಯ ಊರು ಹಬ್ಬಗಳ ಹೆಸರಿನ ತೀರ್ಮಾನಗಳಿವೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಒಂದೇ ಬರಹದಲ್ಲಿ ಎರಡೂ ಬಂದರೆ ಮಾತ್ರ ತಪ್ಪು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬಂದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದ ನಂತರ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಬೇಕು. ‘ರ‍್ಯಾಂಕ್’ ಎಂದು ಬರೆಯಬೇಕಾದಲ್ಲಿ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಜಾರದಿರಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ಹಾಕಬೇಕಾಗುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲಿಸುವಾಗ ಆ ಚಿಹ್ನೆ ಸದ್ದಿಲ್ಲದೆ ಉದುರಿಹೋಗುವುದುಂಟು. ನಗೆಬರಹದಲ್ಲಿ ಅಚ್ಚಿನ ತಪ್ಪು ಇದ್ದರೆ ಓದುಗರು ಅದಕ್ಕೆ ಮಾತ್ರ ನಗುತ್ತಾರೆ.

ತಲೆಬರಹ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಪಟ್ಟಣದಲ್ಲಿ 1988ರಲ್ಲಿ ಹುಟ್ಟಿ 1996ರಲ್ಲಿ ಅಂತರ್ಜಾಲಕ್ಕೆ ಬಂದ ‘ದಿ ಆನಿಯನ್’ ಎಂಬ ಅಣಕುಸುದ್ದಿ ಪತ್ರಿಕೆಯಲ್ಲಿ ಮೊದಲು ತಲೆಬರಹಗಳನ್ನಷ್ಟೇ ಬರೆದು, ರಾಶಿಯೊಳಗಿಂದ ಕೆಲವನ್ನು ಆರಿಸಿ, ಆಮೇಲೆ ಸುದ್ದಿಯನ್ನು ಬರೆಯುವ ಪದ್ಧತಿ ಇದೆ. ಅಣಕುಸುದ್ದಿ ಬರೆಯುವವರು ಇದನ್ನು ಕಣ್ಣುಮುಚ್ಚಿ ಅನುಸರಿಸಬಹುದು. ದಿನಕ್ಕೆ ಹತ್ತು ತಲೆಬರಹ ಬರೆದು, ವಾರದ ಕೊನೆಗೆ ಎಪ್ಪತ್ತರಲ್ಲಿ ಎರಡನ್ನು ಉಳಿಸಿಕೊಳ್ಳಿ. ಕಳೆದ ಮಳೆಗಾಲದಲ್ಲಿ ನಾನು ಉಳಿಸಿಕೊಂಡವುಗಳಲ್ಲಿ ಎರಡು: “ದಟ್ಟ ಮಂಜಿನ ಕಾರಣ ರಾಜಾಸೀಟಿನಲ್ಲಿ ಪ್ರವಾಸಿಗರಿಂದ ಪರಸ್ಪರ ವೀಕ್ಷಣೆ”, “ಆನೆ ಬರುವ ಎಚ್ಚರಿಕೆಯ ಸಂದೇಶ ತಲುಪಿದ್ದು ಆನೆ ಹಲಸು ತಿಂದು ಹೋದ ನಂತರ.” ಇವೆರಡೂ ದಿನಪತ್ರಿಕೆಯ ಗಂಭೀರ ಭಾಷೆಯಲ್ಲೇ ಇವೆ ಎಂಬುದನ್ನು ಗಮನಿಸಿ. ಭಾಷೆ ಮುಗುಳ್ನಕ್ಕರೂ ಅಣಕ ಕೆಟ್ಟಿತು.

ಅಣಕುಸುದ್ದಿಗೆ ಒಂದು ಅಪಾಯವಿದೆ, ಅದನ್ನು ನಿಜವೆಂದು ನಂಬುವವರು ಯಾವಾಗಲೂ ಇರುತ್ತಾರೆ. ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರನ್ನು ಜಗತ್ತಿನ ಅತ್ಯಂತ ಆಕರ್ಷಕ ಪುರುಷನೆಂದು ‘ದಿ ಆನಿಯನ್’ ಬರೆದದ್ದನ್ನು ನಂಬಿ 2012ರಲ್ಲಿ ಚೀನಾದ ‘ಪೀಪಲ್ಸ್ ಡೈಲಿ’ಯ ಜಾಲತಾಣ 55 ಚಿತ್ರಗಳ ಸಹಿತ ಅದನ್ನು ಮರುಪ್ರಕಟಿಸಿತ್ತು. ನನ್ನ ಅನುಭವ ಅಷ್ಟು ದೊಡ್ಡದಲ್ಲ. ಬಸ್ ನಿಲ್ದಾಣದಲ್ಲಿ ಒದ್ದೆ ಕೊಡೆ ನಿಲ್ಲಿಸಲು ಇನ್ನು ಮುಂದೆ ಎರಡು ರೂಪಾಯಿ ಶುಲ್ಕ ಎಂದು ಒಮ್ಮೆ ಬರೆದೆ. ನನ್ನ ಹೆಸರೂ ‘ಹಾಸ್ಯ’ ಎಂಬ ಪಟ್ಟಿಯೂ ಕಳಚಿಹೋಗಿ ಅದು ವಾಟ್ಸ್‌ಆ್ಯಪಿನಲ್ಲಿ ಊರೂರು ಸುತ್ತಿ, ಮೂರನೆಯ ದಿನ ಸೋಮವಾರಪೇಟೆಯ ಚಿಕ್ಕಮ್ಮನಿಂದ ನನಗೇ ವಾಪಸು ಬಂತು, “ಚಿಲ್ಲರೆ ಇಟ್ಟುಕೊಂಡು ಹೋಗು ಮಗಾ” ಎಂಬ ಒಕ್ಕಣೆಯೊಂದಿಗೆ. ಆ ದಿನದಿಂದ ನಾನು ಬರಹದ ಮೊದಲ ಸಾಲಿನಲ್ಲಿಯೇ ಯಾವ ಚಿಕ್ಕಮ್ಮನೂ ನಂಬಲಾಗದ ಒಂದು ವಿವರವನ್ನು ಸೇರಿಸುತ್ತೇನೆ, ತುಂಡರಿಸಿ ಕಳುಹಿಸಿದರೂ ಆ ಸಾಲು ಉಳಿಯುತ್ತದೆಯಲ್ಲ ಎಂಬ ಲೆಕ್ಕದಿಂದ.

ಹೆಸರು, ಹೊತ್ತು, ಕಾನೂನು

ಚಿಕ್ಕ ಜಿಲ್ಲೆಯಲ್ಲಿ ಕುಳಿತು ಹಾಸ್ಯ ಬರೆಯುವವರು ಹೆಸರಿಡುವಾಗ ಬಹಳ ಎಚ್ಚರದಿಂದ ಇರಬೇಕು. ಕೊಡಗಿನಲ್ಲಿ ಮನೆಹೆಸರು ಎಂದರೆ ವಿಳಾಸ. ಕಲ್ಪಿಸಿ ಬರೆದೆನೆಂದು ನೀವು ತಿಳಿದ ಮನೆಹೆಸರು ನಾಪೋಕ್ಲಿನ ಆಚೆ ಎಲ್ಲೋ ನಿಜವಾಗಿಯೂ ಇದ್ದು, ಆ ಮನೆಯಲ್ಲಿ ನಿಮ್ಮ ಪಾತ್ರದಂತೆಯೇ ಕೋಪಿಷ್ಠರಾದ ನಿವೃತ್ತ ಸುಬೇದಾರರೊಬ್ಬರು ಇದ್ದೇ ಇರುತ್ತಾರೆ. ಆದ್ದರಿಂದ ನನ್ನ ಪಾತ್ರಗಳಿಗೆ ಮನೆಹೆಸರಿಲ್ಲ. ಮಾವ, ದೊಡ್ಡಪ್ಪ, ಅಂಗಡಿಯವರು, ಜೀಪಿನವರು ಎಂದಷ್ಟೇ ಕರೆಯುತ್ತೇನೆ. ಬೇರೆ ಸಮುದಾಯದವರ ಕನ್ನಡದ ಉಚ್ಚಾರವನ್ನು ಅಕ್ಷರದಲ್ಲಿ ಅಣಕಿಸಿ ನಗಿಸುವ ಬರಹಗಳನ್ನು ನಾನು ಸಂಪಾದಕನಾಗಿ ಒಪ್ಪಿಕೊಳ್ಳುವುದಿಲ್ಲ. ಐದು ಭಾಷೆಗಳ ಜಿಲ್ಲೆಯಲ್ಲಿ ಎಲ್ಲರ ಉಚ್ಚಾರವೂ ಇನ್ನೊಬ್ಬರಿಗೆ ವಿಚಿತ್ರವೇ, ಮತ್ತು ಆ ನಗೆಗೆ ಲೇಖಕರ ಶ್ರಮವೇನೂ ಖರ್ಚಾಗಿರುವುದಿಲ್ಲ.

ಹೊತ್ತು ನೋಡುವುದೂ ಸಂಪಾದಕರ ಕೆಲಸ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಊರುಗಳೇ ಮಣ್ಣಾದಾಗ ಮಳೆಯ ಬಗ್ಗೆ ಸಿದ್ಧವಾಗಿದ್ದ ನಾಲ್ಕು ಬರಹಗಳನ್ನು ಬದಿಗಿಟ್ಟೆ. ಮುಂದಿನ ಎರಡು ವರ್ಷವೂ ಆಗಸ್ಟಿನಲ್ಲಿ ಕುಸಿತಗಳಾದವು. ಅವುಗಳಲ್ಲಿ ಒಂದು ಬರಹ ಮೂರು ವರ್ಷಗಳ ನಂತರ ಬೆಳಕು ಕಂಡಿತು, ಉಳಿದ ಮೂರು ಇಂದಿಗೂ ಬದಿಯಲ್ಲೇ ಇವೆ.

ಕಾನೂನಿನ ಬಗ್ಗೆ ತಿಳಿದಿರಬೇಕಾದದ್ದು ಸ್ವಲ್ಪ. ಅಂತರ್ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ರದ್ದುಪಡಿಸಿದ್ದು ನಿಜವಾದರೂ ಮಾನನಷ್ಟದ ಅಪರಾಧ ಹಾಗೆಯೇ ಇದೆ; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೆಯ ಕಲಮು. ‘ತಮಾಷೆಗೆ ಬರೆದೆ’ ಎಂಬ ಒಂದೇ ಮಾತು ನಿಮ್ಮನ್ನು ಕಾಯುವುದಿಲ್ಲ. ಅನುಮಾನ ಬಂದ ವಾಕ್ಯವನ್ನು ವಕೀಲರಿಗೆ ತೋರಿಸಿ. ಅದಕ್ಕಿಂತ ಕಡಿಮೆ ಖರ್ಚಿನ ದಾರಿಯೆಂದರೆ ಆ ವಾಕ್ಯವನ್ನು ತೆಗೆಯುವುದು.

ಹಣದ ಮಾತು

ಮೊದಲು ಆರು ಮಾದರಿಗಳ ಒಂದು ಕಡತವನ್ನು ಸಿದ್ಧಪಡಿಸಿಕೊಳ್ಳಿ. ಮೂರು ನಿಮ್ಮ ಸ್ವಂತ ಬರಹಗಳು, ಮೂರು ನೀವು ತಿದ್ದಿದ ಬರಹಗಳ ಹಿಂದಿನ ಮತ್ತು ಮುಂದಿನ ರೂಪಗಳು, ಲೇಖಕರ ಒಪ್ಪಿಗೆ ಪಡೆದು. ಉಪಸಂಪಾದಕರ ಕೆಲಸಕ್ಕೆ ಕರೆದವರು ಹೆಚ್ಚಾಗಿ ಎರಡನೆಯ ಮೂರನ್ನೇ ನೋಡುತ್ತಾರೆ. ಕೆಲಸ ಸುದ್ದಿತಾಣಗಳಲ್ಲಷ್ಟೇ ಅಲ್ಲ, ಪ್ರಕಾಶನ ಸಂಸ್ಥೆಗಳಲ್ಲಿ, ಆ್ಯಪುಗಳ ಕನ್ನಡ ರೂಪವನ್ನು ತಿದ್ದುವಲ್ಲಿ, ಅಡಿಬರಹಗಳಲ್ಲಿ, ಹಾಸ್ಯದ ಕಿರುವಿಡಿಯೋಗಳ ಸಂಭಾಷಣೆಯಲ್ಲಿ ಸಿಗುತ್ತದೆ. ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳಿಗೆ ಬರಹವನ್ನು ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಕಳುಹಿಸಬೇಕು. ದೀಪಾವಳಿಯ ಹಾಸ್ಯವನ್ನು ನಾವು ಕಕ್ಕಡದ ಮಳೆಯಲ್ಲಿ ನಡುಗುತ್ತ ಬರೆಯುತ್ತೇವೆ ಎಂಬುದು ಓದುಗರಿಗೆ ತಿಳಿದಿರುವುದಿಲ್ಲ.

ದರವನ್ನು ಪದಕ್ಕಿಷ್ಟು ಎಂದು ಒಪ್ಪಿಕೊಳ್ಳುವ ಮುನ್ನ ಒಂದು ಲೆಕ್ಕ ಮಾಡಿ. ನನಗೆ 700 ಪದಗಳ ನಗೆಬರಹಕ್ಕೆ ಎರಡು ದಿನ ಬೇಕು, ಅಷ್ಟೇ ಉದ್ದದ ಬೇರೆಯವರ ಬರಹವನ್ನು ತಿದ್ದಲು ಎರಡು ಗಂಟೆ ಸಾಕು. ಹಾಸ್ಯಕ್ಕೆ ಬರಹಕ್ಕಿಷ್ಟು ಎಂದೂ, ಸಂಪಾದನೆಗೆ ಗಂಟೆಗಿಷ್ಟು ಎಂದೂ ಕೇಳಿದರೆ ನಷ್ಟವಾಗುವುದಿಲ್ಲ. ಯಾವುದನ್ನೂ ಬಾಯಿಮಾತಿನಲ್ಲಿ ಒಪ್ಪಬೇಡಿ. ಆರಂಭದ ದಿನಗಳಲ್ಲಿ ಒಂದು ಜಾಲತಾಣಕ್ಕೆ ಹನ್ನೊಂದು ಬರಹಗಳನ್ನು ಕೊಟ್ಟು, ಮೂರಕ್ಕೆ ಮಾತ್ರ ಹಣ ಪಡೆದವನು ನಾನು. ಉಳಿದ ಎಂಟಕ್ಕೆ ‘ನಿಮ್ಮ ಬರಹ ಎಲ್ಲರಿಗೂ ಇಷ್ಟವಾಗಿದೆ’ ಎಂಬ ಸಂದೇಶ ಬಂತು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲು ಕರಾರಿನಲ್ಲಿದ್ದರೆ ಅದನ್ನು ‘ಅಂತರ್ಜಾಲ ಪ್ರಕಟಣೆಗೆ, ಎರಡು ವರ್ಷ’ ಎಂದು ತಿದ್ದಿ ವಾಪಸು ಕಳುಹಿಸಿ. ಸಂಪಾದಕರಲ್ಲವೇ, ಕರಾರನ್ನೂ ತಿದ್ದಿ. ಹತ್ತರಲ್ಲಿ ಆರು ಸಲ ಒಪ್ಪಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ವೃತ್ತಿಪರ ಸಂಭಾವನೆಯಿಂದ ಶೇಕಡಾ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಿರಬಹುದು. ಪ್ಯಾನ್ ಸಂಖ್ಯೆ ಕೊಡದಿದ್ದರೆ ಅದು ಶೇಕಡಾ 20 ಆಗುತ್ತದೆ. ಆದಾಯ ತೆರಿಗೆಯ ಮಿತಿಯೊಳಗಿರುವವರು ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು, ಆದರೂ ಬಹಳ ಮಂದಿ ಬರಹಗಾರರು ಸೋಮಾರಿತನದಿಂದ ಬಿಟ್ಟುಬಿಡುತ್ತಾರೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ನಗೆ ಬರೆದು ಆ ಮಿತಿಯನ್ನು ಮುಟ್ಟಿದವರು ನಮ್ಮ ಕಡೆ ಇದ್ದರೆ ಅವರ ಮನೆಗೆ ನಾನೇ ಹೋಗಿ ಈ ಲೇಖನದ ಮುಂದಿನ ಭಾಗವನ್ನು ಅವರಿಂದ ಬರೆಸುತ್ತೇನೆ.

ಮಳೆಗಾಲದ ಏರ್ಪಾಡು

ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಟವರೂ ಮಲಗುತ್ತದೆ. ಬೆಂಗಳೂರಿನ ಸಂಪಾದಕರಿಗೆ ಇದನ್ನು ಮೇ ತಿಂಗಳಲ್ಲೇ ತಿಳಿಸಿಡಬೇಕು. ಜುಲೈಯಲ್ಲಿ ತಿಳಿಸಿದರೆ ಅದು ನೆಪದಂತೆ ಕೇಳಿಸುತ್ತದೆ. ಎರಡು ಬೇರೆ ಕಂಪನಿಗಳ ಸಿಮ್, ಒಂದು ಯುಪಿಎಸ್, ಅಂತರ್ಜಾಲವಿಲ್ಲದೆ ಕೆಲಸ ಮಾಡುವ ನಿಘಂಟು, ಇವಿಷ್ಟು ಬೇಕು. ಹೊತ್ತಿನ ಹಂಗಿಲ್ಲದ ಬರಹಗಳನ್ನು, ಅಂದರೆ ಅತ್ತೆ ಮಾವ, ಅಡುಗೆ, ಮದುವೆ ಮನೆಗಳ ಬಗೆಗಿನವನ್ನು, ಎಂಟು ಹತ್ತು ಮೊದಲೇ ತಿದ್ದಿ ಕಳುಹಿಸಿಟ್ಟರೆ ನೀವು ಕತ್ತಲಲ್ಲಿ ಕುಳಿತಿರುವಾಗಲೂ ಅವು ವಾರವಾರ ಪ್ರಕಟವಾಗುತ್ತಿರುತ್ತವೆ.

ಪ್ರಕಟವಾದ ಪ್ರತಿ ಬರಹದ ಪ್ರತಿಯನ್ನು ದಿನಾಂಕದ ಸಹಿತ ನಿಮ್ಮಲ್ಲೇ ಇಟ್ಟುಕೊಳ್ಳಿ. ನಾನು ಬರೆಯುತ್ತಿದ್ದ ಒಂದು ತಾಣ ಒಂದು ಬೆಳಿಗ್ಗೆ ಮುಚ್ಚಿಹೋದಾಗ ಅದರೊಂದಿಗೆ ನನ್ನ ಅರುವತ್ತಕ್ಕೂ ಹೆಚ್ಚು ಬರಹಗಳು ಹೋದವು. ಈಗ ತಿಂಗಳಿಗೊಮ್ಮೆ ಎರಡು ಕಡೆ ನಕಲು ಮಾಡಿ, ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸುತ್ತೇನೆ. ಆ ಕಾಗದಗಳನ್ನು ಬೀರುವಿನಲ್ಲಿ ಇಡಬಾರದು, ಕಕ್ಕಡದಲ್ಲಿ ಬೂಷ್ಟು ಹಿಡಿಯುತ್ತದೆ; ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವಂತೆ ಇಡಬೇಕು. ನಮ್ಮ ಮನೆಯಲ್ಲಿ ಅವು ಒಣಗಿದ ಹಂದಿಮಾಂಸದ ಪಕ್ಕದಲ್ಲಿವೆ.